ಕುಷ್ಟಗಿಯ ಬೋರ್‌ವೆಲ್, ಕಡಲಾಳದ ಸಬ್‌ಮರೀನ್, ದಾಮಗುಂಡಂ ಕಾಡು

ಕುಷ್ಟಗಿ ಕಡೆ ನಮ್ಮ ಕಾಕಾನ ಮಸಾರಿ ಹೊಲದಲ್ಲಿ ಎರಡು ಬೋರ್ ಫೇಲಾಗಿದ್ದವು. ಮೊದಲನೆಯದನ್ನು ಅಂಗೈಮೇಲೆ ತೆಂಗಿನಕಾಯಿ ಇಟ್ಟುಕೊಂಡು ನಡೆಯುವವರ ಮಾತು ಕೇಳಿ ಕೊರೆಸಿದ್ದು. ಎರಡನೆಯದು ಬೇವಿನ ಕವಲುಕಡ್ಡಿ ಹಿಡಿದವರ ಮಾತು ಕೇಳಿ. ಮೂರನೇ ಸಲ ಕಾಕಾ ಒಬ್ಬ ಭೂವಿಜ್ಞಾನಿಯನ್ನು ಕರೆಸಿದರು. ಅವರು ಕೊರಳಿಗೆ ಒಂದು ಪೆಟ್ಟಿಗೆ ತೂಗುಹಾಕಿಕೊಂಡು ಬದುವಿನಿಂದ ಬದುವಿಗೆ ನೆಟ್ಟಗೆ ನಡೆದರು. ಹತ್ತು ಹೆಜ್ಜೆಗೊಮ್ಮೆ ನಿಲ್ಲುವುದು, ಪೆಟ್ಟಿಗೆ ನೋಡುವುದು, ಒಂದು ನಂಬರ್ ಬರೆದುಕೊಳ್ಳುವುದು. ಅರ್ಧ ಹೊಲ ಮುಗಿಯುವಷ್ಟರಲ್ಲಿ ಸುಮ್ನೆ ನಿಂತುಬಿಟ್ಟರು.

"ಏನಾತ್ರೀ ಸರ, ನೀರು ಸಿಕ್ತೇನು?" ಅಂತ ಕಾಕಾ ಕೇಳಿದರು.

"ಇಲ್ರೀ ಯಜಮಾನ್ರ, ಸಿಗ್ನಲ್ ನಿಂತೈತಿ. ಸ್ಟೇಷನ್ ಬಂದ್ ಮಾಡ್ಯಾರ."

"ಯಾವ ಸ್ಟೇಷನ್ ರೀ?"

"ತಮಿಳುನಾಡಿನಾಗ ಐತ್ರಿ, ನೇವಿದು. ಸಬ್‌ಮರೀನಿಗೆ ಸುದ್ದಿ ಕಳಸೋ ಸ್ಟೇಷನ್."

ಕಾಕಾ ನನ್ನ ಮುಖ ನೋಡಿದರು. ತಮಾಷೆ ಮಾಡುತ್ತಿದ್ದಾರೆ ಅಂತ ಅವರಿಗೆ ಅನ್ನಿಸಿತ್ತು. ಸಮುದ್ರದೊಳಗಿನ ಹಡಗಿನ ರೇಡಿಯೋ ಬಂದ್ ಆದರೆ ಕುಷ್ಟಗಿಯಲ್ಲಿ ಬೋರ್ ಪಾಯಿಂಟ್ ನೋಡುವ ಕೆಲಸ ಯಾಕೆ ನಿಲ್ಲಬೇಕು? ಊಟ ಮುಗಿಯುವ ಹೊತ್ತಿಗೆ ಸಿಗ್ನಲ್ ಮತ್ತೆ ಬಂತು. ಕೆಲಸ ಮುಂದುವರಿಯಿತು. ಆದರೆ ಆ ಪ್ರಶ್ನೆ ನನ್ನ ತಲೆಯಲ್ಲೇ ಉಳಿಯಿತು.

ಅದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ನಮ್ಮ ಪಕ್ಕದ ತೆಲಂಗಾಣದಲ್ಲಿ ನಡೆಯುತ್ತಿರುವ ಒಂದು ಜಗಳವೂ ಅರ್ಥವಾಗುತ್ತದೆ. ವಿಕಾರಾಬಾದ್ ಜಿಲ್ಲೆಯ ದಾಮಗುಂಡಂ ಕಾಡಿನಲ್ಲಿ ನೌಕಾಪಡೆ ಇಂಥದ್ದೇ ಎರಡನೇ ಸ್ಟೇಷನ್ ಕಟ್ಟುತ್ತಿದೆ. 2024ರ ಅಕ್ಟೋಬರ್ 15ರಂದು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಅಡಿಗಲ್ಲು ಹಾಕಿದರು. ಮುಖ್ಯಮಂತ್ರಿ ರೇವಂತ್ ರೆಡ್ಡಿ ಜೊತೆಗಿದ್ದರು. 2,900 ಎಕರೆ ಕಾಯ್ದಿಟ್ಟ ಅರಣ್ಯ, 3,200 ಕೋಟಿ ರೂಪಾಯಿ ಖರ್ಚು, 2027ಕ್ಕೆ ಮುಗಿಸುವ ಗುರಿ. ರಾಯಚೂರಿನಿಂದ ನಕಾಶೆಯ ಮೇಲೆ ನೆಟ್ಟಗೆ ಗೆರೆ ಎಳೆದರೆ ಸುಮಾರು 140 ಕಿಲೋಮೀಟರ್. ವಾಡಿ ಮೇಲೆ ಹೈದರಾಬಾದಿಗೆ ಹೋಗುವ ರೈಲು ಹತ್ತಿದವರು ತಾಂಡೂರು ದಾಟಿದ ಮೇಲೆ ವಿಕಾರಾಬಾದ್ ಸ್ಟೇಷನ್ ನೋಡಿಯೇ ಇರುತ್ತೀರಿ.

ಅಲ್ಲಿ ಸಮುದ್ರ ಎಲ್ಲಿದೆ? ಎಲ್ಲೂ ಇಲ್ಲ. ನಮ್ಮ ರಾಯಚೂರಿನಂತೆಯೇ ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಸಮುದ್ರ ನಾನೂರು ಕಿಲೋಮೀಟರ್ ಆಚೀಚೆ. ಹಾಗಿದ್ದ ಮೇಲೆ ನೌಕಾಪಡೆಗೆ ಅಲ್ಲೇನು ಕೆಲಸ?

ಉಪ್ಪಿನ ಕಾಟ

ಮೊದಲು ಸಬ್‌ಮರೀನಿನ ಕಷ್ಟ ನೋಡೋಣ. ನೀರಿನೊಳಗೆ ಮುಳುಗಿರುವುದೇ ಅದರ ಶಕ್ತಿ. ಯಾರಿಗೂ ಕಾಣಬಾರದು, ಕೇಳಿಸಬಾರದು. ಆದರೆ ಹಾಗೆ ಮುಳುಗಿದ ತಕ್ಷಣ ಅದು ಜಗತ್ತಿನ ಹೆಚ್ಚೂಕಡಿಮೆ ಎಲ್ಲ ರೇಡಿಯೋಗೂ ಕಿವುಡಾಗುತ್ತದೆ. ಕಾರಣ ನೀರಲ್ಲ, ನೀರಿನಲ್ಲಿರುವ ಉಪ್ಪು. ಉಪ್ಪು ನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ರೇಡಿಯೋ ಅಲೆ ಬಂದು ಬಿದ್ದರೆ ನೀರಿನಲ್ಲೇ ಸಣ್ಣ ಸಣ್ಣ ಕರೆಂಟ್ ಹುಟ್ಟಿ ಅಲೆಯ ಶಕ್ತಿಯನ್ನು ತಿಂದುಹಾಕುತ್ತದೆ.

ಎಷ್ಟು ಬೇಗ ತಿನ್ನುತ್ತದೆ ಅನ್ನುವುದು ಅಲೆಯ ಕಂಪನದ ಮೇಲೆ ನಿಂತಿದೆ. ಎಫ್‌ಎಂ ರೇಡಿಯೋ ಅಲೆ ಸಮುದ್ರದ ನೀರಿನಲ್ಲಿ ಎರಡೂವರೆ ಸೆಂಟಿಮೀಟರ್ ಇಳಿಯುವಷ್ಟರಲ್ಲಿ ಮೂರನೇ ಒಂದು ಪಾಲಿಗೆ ಸೊರಗಿರುತ್ತದೆ. ಬೆರಳಿನ ಒಂದು ಗೆಣ್ಣಿನಷ್ಟು ಆಳ, ಅಷ್ಟೇ. ನಮ್ಮ ಕಡೆ ಹಳಬರಿಗೆಲ್ಲ ಧಾರವಾಡ ಆಕಾಶವಾಣಿ ಗೊತ್ತು. 765 ಕಿಲೋಹರ್ಟ್ಸ್ ಮೀಡಿಯಂ ವೇವ್, ಹೊಲದಲ್ಲಿ ಎಮ್ಮೆ ಮೇಯಿಸುವವರ ಹೆಗಲ ಮೇಲಿನ ರೇಡಿಯೋದಲ್ಲೂ ಬರುತ್ತಿತ್ತು. ಆ ಅಲೆ ಕಡಲ ನೀರಿಗೆ ಬಿದ್ದರೆ 29 ಸೆಂಟಿಮೀಟರಿಗೆ ಸೊರಗುತ್ತದೆ. ಒಂದು ಗೇಣು, ಮೇಲೆ ನಾಲ್ಕು ಬೆರಳು.

ಕಂಪನ ಇಳಿಸುತ್ತಾ ಹೋದರೆ ಆಳ ಹೆಚ್ಚುತ್ತದೆ. 3ರಿಂದ 30 ಕಿಲೋಹರ್ಟ್ಸ್ ನಡುವಿನ ಅಲೆಗೆ ಅತಿ ಕಡಿಮೆ ಕಂಪನದ ರೇಡಿಯೋ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ವಿಎಲ್‌ಎಫ್. ತಿರುನೆಲ್ವೇಲಿ ಜಿಲ್ಲೆಯ ವಿಜಯನಾರಾಯಣಂನಲ್ಲಿರುವ ಐಎನ್‌ಎಸ್ ಕಟ್ಟಬೊಮ್ಮನ್ ಸ್ಟೇಷನ್ 1990ರಿಂದ ಈ ಕೆಲಸ ಮಾಡುತ್ತಿದೆ. 18.2 ಕಿಲೋಹರ್ಟ್ಸ್ ಅದರ ಹಳೆಯ ಗುರುತು. ಈ ಅಲೆ ಕಡಲ ನೀರಿನಲ್ಲಿ ಮೂರನೇ ಒಂದು ಪಾಲಿಗೆ ಇಳಿಯಲು ಸುಮಾರು 1.9 ಮೀಟರ್ ಬೇಕು. ಆಳೆತ್ತರ ಅನ್ನಿ.

ಅಯ್ಯೋ, ಇಷ್ಟೇನಾ ಅನ್ನಿಸಬಹುದು. 10 ಮೀಟರ್ ಆಳಕ್ಕೆ ಹೋಗುವಷ್ಟರಲ್ಲಿ ಇನ್ನೂರರಲ್ಲಿ ಒಂದು ಪಾಲು ಉಳಿಯುತ್ತದೆ. 20 ಮೀಟರಿಗೆ 40,000ದಲ್ಲಿ ಒಂದು ಪಾಲು. ಆದರೂ ಕೇಳಿಸುತ್ತದೆ. ಅದು ಹೇಗೆ ಅನ್ನುವುದು ನನಗೆ ಈ ವಿಷಯದಲ್ಲೇ ತುಂಬ ಇಷ್ಟವಾದ ಸಂಗತಿ. ರೇಡಿಯೋ ಕೇಳುವುದಕ್ಕೆ ಸಿಗ್ನಲ್ ದೊಡ್ಡದಿರಬೇಕು ಅಂತೇನಿಲ್ಲ, ಗದ್ದಲಕ್ಕಿಂತ ಜೋರಿದ್ದರೆ ಸಾಕು. ಈ ಕಂಪನದಲ್ಲಿ ಗದ್ದಲ ಮಾಡುವುದು ಮುಖ್ಯವಾಗಿ ಸಿಡಿಲು. ಜಗತ್ತಿನ ಎಲ್ಲೋ ಒಂದು ಕಡೆ ಸದಾ ಸಿಡಿಲು ಹೊಡೆಯುತ್ತಲೇ ಇರುತ್ತದೆ. ಅದರ ಕರಕರ ಸದ್ದು ಸಾವಿರಾರು ಕಿಲೋಮೀಟರ್ ಓಡುತ್ತದೆ. ಆದರೆ ಸಮುದ್ರ ಸ್ಟೇಷನ್ನಿನ ಸದ್ದನ್ನು ಎಷ್ಟು ಇಳಿಸುತ್ತದೋ ಸಿಡಿಲಿನ ಸದ್ದನ್ನೂ ಅಷ್ಟೇ ಇಳಿಸುತ್ತದೆ. ಸಂತೆಯಲ್ಲಿ ನಿಂತವನ ಕಿವಿಗೆ ಹತ್ತಿ ಇಟ್ಟರೆ ಗೆಳೆಯನ ಕೂಗೂ ಕಡಿಮೆ, ಸಂತೆಯ ಗಲಾಟೆಯೂ ಕಡಿಮೆ. ರಿಸೀವರ್ ಒಳಗಿನ ಸಣ್ಣ ಗದ್ದಲಕ್ಕಿಂತ ಸಿಗ್ನಲ್ ಮೇಲಿರುವ ತನಕ ಮಾತು ಹಿಡಿಯಬಹುದು.

ಸಿಡಿಲು ಹುಟ್ಟಿಸುವ ಇದೇ ಅಲೆಗಳನ್ನು ಹಿಡಿದು, ಎಲ್ಲಿ ಬಿತ್ತು ಅಂತ ಲೆಕ್ಕ ಹಾಕುವ ಜಾಲಗಳೂ ಇವೆ. ಮೇ ತಿಂಗಳಲ್ಲಿ ಸಂಜೆ ಮೋಡ ಕವಿದರೆ ನಮ್ಮ ಕಡೆ ಕುರಿಗಾಹಿಗಳಿಗೆ ಎದೆ ಢವಗುಟ್ಟುತ್ತದೆ. ಅವರ ಜೀವ ತೆಗೆಯುವ ಸಿಡಿಲೇ ಸಬ್‌ಮರೀನಿನ ಆಪರೇಟರಿಗೆ ದೊಡ್ಡ ತಲೆನೋವು.

ಇನ್ನು ಉಪ್ಪಿಲ್ಲದಿದ್ದರೆ? ತುಂಗಭದ್ರಾ ಡ್ಯಾಮಿನ ಸಿಹಿನೀರಿನಲ್ಲಿ ಕರೆಂಟ್ ಹರಿಯುವುದು ಸಮುದ್ರದ ನೂರನೇ ಒಂದು ಪಾಲಿನಷ್ಟು. ಅಲ್ಲಿ ಇದೇ ಅಲೆ ಹತ್ತು ಪಟ್ಟು ಆಳಕ್ಕೆ ಇಳಿಯುತ್ತದೆ. ಸಬ್‌ಮರೀನ್ ಮುನಿರಾಬಾದ್ ಹಿನ್ನೀರಿನಲ್ಲಿ ಮುಳುಗಿದ್ದರೆ ನೌಕಾಪಡೆಗೆ ಕೆಲಸ ಸುಲಭವಾಗುತ್ತಿತ್ತು, ಅಡಗಲು ಜಾಗ ಮಾತ್ರ ಸಾಲುತ್ತಿರಲಿಲ್ಲ.

ಮಸಾರಿಗೂ ಎರೆಗೂ ಇರುವ ಫರಕು

ಈಗ ಕಾಕಾನ ಹೊಲಕ್ಕೆ ಬರೋಣ. ಅಲೆ ಎಷ್ಟು ಆಳಕ್ಕೆ ಇಳಿಯುತ್ತದೆ ಅನ್ನುವ ಲೆಕ್ಕ ನೀರಿಗೊಂದು, ಮಣ್ಣಿಗೊಂದು ಇರುವುದಿಲ್ಲ. ಕರೆಂಟ್ ಹರಿಯುವ ಯಾವುದಕ್ಕಾದರೂ ಅದೇ ಲೆಕ್ಕ. ಕೊಪ್ಪಳದ ಗಟ್ಟಿ ಕಲ್ಲಿನಲ್ಲಿ ಕರೆಂಟ್ ಹರಿಯುವುದು ತೀರಾ ಕಡಿಮೆ. ಹಾಗಾಗಿ 18 ಕಿಲೋಹರ್ಟ್ಸ್ ಅಲೆ ಅಲ್ಲಿ ಲೆಕ್ಕದ ಪ್ರಕಾರ 100 ಮೀಟರ್ ಆಚೆಗೂ ಇಳಿಯಬಲ್ಲದು. ಬೋರ್ ಪಾಯಿಂಟಿನ ಕೆಲಸಕ್ಕೆ ನಿಜವಾಗಿ ಬರುವುದು ಅದಕ್ಕಿಂತ ಕಡಿಮೆ ಆಳ. ಆದರೂ ಕೆಲಸಕ್ಕೆ ಬರುತ್ತದೆ.

ಕಲ್ಲಿನಲ್ಲಿ ನೀರು ಎಲ್ಲ ಕಡೆ ಇರುವುದಿಲ್ಲ. ಬಿರುಕಿನಲ್ಲಿ ಮಾತ್ರ ಇರುತ್ತದೆ. ಒಣ ಕಲ್ಲಿನ ನಡುವೆ ನೀರು ತುಂಬಿದ ಬಿರುಕು ಅಂದರೆ ಕರೆಂಟಿಗೆ ಅದೊಂದು ತಂತಿ ಇದ್ದ ಹಾಗೆ. ದೂರದಿಂದ ಬಂದ ಅಲೆ ಆ ಬಿರುಕಿನ ಉದ್ದಕ್ಕೂ ಸಣ್ಣ ಕರೆಂಟ್ ಹರಿಸುತ್ತದೆ. ಆ ಕರೆಂಟಿಗೆ ತನ್ನದೇ ಒಂದು ಅಯಸ್ಕಾಂತ ಬಲ ಹುಟ್ಟುತ್ತದೆ. ಬಿರುಕಿನ ಮೇಲೆ ನಡೆದು ಹೋಗುವಾಗ ಪೆಟ್ಟಿಗೆಯ ಮುಳ್ಳು ಒಂದು ಕಡೆ ವಾಲಿ, ಮತ್ತೆ ಇನ್ನೊಂದು ಕಡೆಗೆ ಹೊರಳುತ್ತದೆ. ಹೊರಳುವ ಜಾಗದ ಕೆಳಗೆ ಬಿರುಕು. ತೆಂಗಿನಕಾಯಿ ಹೊರಳುವುದಕ್ಕೂ ಈ ಮುಳ್ಳು ಹೊರಳುವುದಕ್ಕೂ ನೋಡುವವರಿಗೆ ಜಾಸ್ತಿ ವ್ಯತ್ಯಾಸ ಕಾಣುವುದಿಲ್ಲ. ಪೆಟ್ಟಿಗೆ ತಪ್ಪುವುದೂ ಉಂಟು. ಮೇಲೆ ಹಾದುಹೋದ ಕರೆಂಟ್ ಲೈನ್, ತಂತಿಬೇಲಿ, ನೆಲದೊಳಗಿನ ಪೈಪು, ಇವೆಲ್ಲ ಅದಕ್ಕೆ ಬಿರುಕಿನ ಹಾಗೇ ಕಾಣುತ್ತವೆ. ಆದರೆ ಅದು ಯಾಕೆ ಹೊರಳಿತು ಅಂತ ಲೆಕ್ಕ ಕೊಡಲು ಬರುತ್ತದೆ.

ಈ ಕೆಲಸಕ್ಕೆ ಸ್ವಂತ ಟ್ರಾನ್ಸ್‌ಮಿಟರ್ ಬೇಕಿಲ್ಲ ಅನ್ನುವುದೇ ಇದರ ಸೊಗಸು. ಸಬ್‌ಮರೀನಿಗೆ ಅಂತ ಜಗತ್ತಿನ ನೌಕಾಪಡೆಗಳು ಹಗಲೂ ರಾತ್ರಿ ಕಳಿಸುವ ಅಲೆ ನಮ್ಮ ಹೊಲದ ಮೇಲೂ ಹಾದುಹೋಗುತ್ತದೆ. ಅದಕ್ಕೆ ಬಾಡಿಗೆ ಇಲ್ಲ, ಲೈಸೆನ್ಸ್ ಇಲ್ಲ. ಭಾರತದಲ್ಲಿ ಇಂಥ ಸರ್ವೆಗೆ ವಿಜಯನಾರಾಯಣಂನ ಸಿಗ್ನಲ್ ಬಳಸುತ್ತಾರೆ. ಆಸ್ಟ್ರೇಲಿಯಾದ ಪಶ್ಚಿಮ ತೀರದಿಂದ ಬರುವ 19.8 ಕಿಲೋಹರ್ಟ್ಸ್ ಸಿಗ್ನಲ್ಲನ್ನೂ ಬಳಸುತ್ತಾರೆ. ಅದೂ ಸಬ್‌ಮರೀನ್ ಸ್ಟೇಷನ್ನೇ, 1967ರಲ್ಲಿ ಶುರುವಾದದ್ದು. ಅದಕ್ಕೆ ಅಲ್ಲಿನ ಪ್ರಧಾನಿ ಹೆರಾಲ್ಡ್ ಹೋಲ್ಟ್ ಹೆಸರಿಟ್ಟಿದ್ದಾರೆ. ಅದೇ ವರ್ಷ ಡಿಸೆಂಬರಿನಲ್ಲಿ ಈಜಲು ಹೋದ ಆತ ಸಮುದ್ರದಲ್ಲೇ ಕಾಣೆಯಾದರು, ಶವವೂ ಸಿಗಲಿಲ್ಲ. ಕಡಲೊಳಗಿರುವವರಿಗೆ ಸುದ್ದಿ ಕಳಿಸುವ ಸ್ಟೇಷನ್ನಿಗೆ ಕಡಲಲ್ಲಿ ಕಾಣೆಯಾದವರ ಹೆಸರು.

ಸ್ವೀಡನ್ ಕಂಪನಿಯೊಂದು ಈ ಸರ್ವೆಗೆ ಮಾಡಿದ ಪೆಟ್ಟಿಗೆಯ ಹೆಸರು ವಾಡಿ. ಅರಬ್ಬಿ ಭಾಷೆಯಲ್ಲಿ ಆ ಮಾತಿಗೆ ಒಣ ಹಳ್ಳ ಅಂತ ಅರ್ಥ. ನಮ್ಮ ವಾಡಿ ಜಂಕ್ಷನ್ನಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಅಲ್ಲಿ ಎರಡು ತಾಸು ರೈಲು ಕಾಯ್ದವರಿಗೆ ಒಣ ಹಳ್ಳ ಅನ್ನುವ ಅರ್ಥ ಸರಿ ಅನ್ನಿಸೀತು.

ಸಿಂಧನೂರು, ಮಾನ್ವಿ ಕಡೆಯ ಎರೆ ಹೊಲದಲ್ಲಿ ಇದೇ ಪೆಟ್ಟಿಗೆ ಹಿಡಿದು ನಡೆದರೆ ಪ್ರಯೋಜನ ಕಡಿಮೆ. ಎರೆ ಮಣ್ಣು ತೇವ ಹಿಡಿದಿಡುತ್ತದೆ, ಉಪ್ಪಿನಂಶವೂ ಇರುತ್ತದೆ. ಅಲೆ ಏಳೆಂಟು ಮೀಟರಿಗೆ ಸೊರಗಿಬಿಡುತ್ತದೆ. ಮಸಾರಿಯ ಕೆಳಗಿನ ಕಲ್ಲಿನಲ್ಲಿ 100 ಮೀಟರ್, ಎರೆಯಲ್ಲಿ ಎಂಟು ಮೀಟರ್, ಸಮುದ್ರದಲ್ಲಿ ಎರಡು ಮೀಟರಿಗೂ ಕಡಿಮೆ. ಅಲೆ ಒಂದೇ, ಅದು ಹೊಗುವ ಜಾಗ ಬೇರೆ.

ಮಾತು ಒಂದೇ ಕಡೆಯಿಂದ

ಸಮುದ್ರ ದೂರ ಇದ್ದರೂ ನಡೆಯುತ್ತದೆ ಯಾಕೆ ಅನ್ನುವುದಕ್ಕೆ ಈಗ ಬರೋಣ. ಈ ಅಲೆಗೆ ನೆಲ ಒಂದು ಗೋಡೆ. ಸುಮಾರು 70 ಕಿಲೋಮೀಟರ್ ಮೇಲೆ ವಾತಾವರಣದಲ್ಲಿ ವಿದ್ಯುತ್ ಕಣಗಳ ಪದರವಿದೆ, ಅದು ಇನ್ನೊಂದು ಗೋಡೆ. ರಾತ್ರಿ ಆ ಗೋಡೆ 85–90 ಕಿಲೋಮೀಟರಿಗೆ ಏರುತ್ತದೆ. ಎರಡರ ನಡುವಿನ ಓಣಿಯಲ್ಲಿ ಅಲೆ ಭೂಮಿಯ ಬಾಗಿದ ಮೈ ಹಿಡಿದುಕೊಂಡೇ ಹರಿಯುತ್ತದೆ. ಸಾವಿರ ಕಿಲೋಮೀಟರ್ ಹೋದರೂ ಸೊರಗುವುದು ಸ್ವಲ್ಪವೇ. ಹಾಗಾಗಿ ಸ್ಟೇಷನ್ ಸಮುದ್ರದ ದಂಡೆಯಲ್ಲೇ ಇರಬೇಕಾಗಿಲ್ಲ. ಒಳನಾಡಿನಲ್ಲಿ ಇದ್ದರೆ ಸಮುದ್ರದ ಕಡೆಯಿಂದ ಬರುವ ದಾಳಿಗೂ ದೂರ.

ಕಷ್ಟ ಇರುವುದು ಕಂಬ ನಿಲ್ಲಿಸುವುದರಲ್ಲಿ. 18.2 ಕಿಲೋಹರ್ಟ್ಸ್ ಅಲೆಯ ಒಂದು ಏರಿಳಿತದ ಉದ್ದ 16.5 ಕಿಲೋಮೀಟರ್. ಹೆಚ್ಚೂಕಡಿಮೆ ರಾಯಚೂರಿನಿಂದ ಶಕ್ತಿನಗರದಷ್ಟು ದೂರ. ಚೆನ್ನಾಗಿ ಕೆಲಸ ಮಾಡುವ ಆಂಟೆನಾ ಬೇಕಾದರೆ ಅದರ ಕಾಲು ಭಾಗ, ಅಂದರೆ 4 ಕಿಲೋಮೀಟರ್ ಎತ್ತರದ ಕಂಬ ನಿಲ್ಲಿಸಬೇಕು. ಆಗದ ಮಾತು. ವಿಜಯನಾರಾಯಣಂನ ನಡುಗಂಬ 471 ಮೀಟರ್. ವಿಜಯಪುರದ ಗೋಳಗುಮ್ಮಟವನ್ನು ಒಂದರ ಮೇಲೊಂದು ಒಂಬತ್ತು ಸಲ ಇಟ್ಟರೂ ಅದರ ತುದಿ ಮುಟ್ಟುವುದಿಲ್ಲ. ಆದರೂ ಈ ಅಲೆಯ ಲೆಕ್ಕದಲ್ಲಿ ಅದು ಮೋಟು ಕಂಬವೇ. ಅದಕ್ಕೇ ಸುತ್ತ ಕಂಬಗಳನ್ನು ನೆಟ್ಟು, ಮೇಲೆ ಛತ್ರಿಯಂತೆ ತಂತಿ ಹರಡುತ್ತಾರೆ. ಕೆಳಗೆ ನೆಲದಲ್ಲಿ ತಾಮ್ರದ ತಂತಿ ಹೂಳುತ್ತಾರೆ. ಕಂಬಗಳನ್ನು ಎಳೆದು ಹಿಡಿಯುವ ಗಾಯ್ ವೈರುಗಳೇ ಎಕರೆಗಟ್ಟಲೆ ಜಾಗ ನುಂಗುತ್ತವೆ. ಅಮೆರಿಕದ ಕಟ್ಲರ್‌ನಲ್ಲಿ 1961ರಿಂದ ನಡೆಯುತ್ತಿರುವ ಸ್ಟೇಷನ್ನಿಗೆ 26 ಕಂಬಗಳಿವೆ. 2,900 ಎಕರೆ ಯಾಕೆ ಅಂತ ಕೇಳುವವರಿಗೆ ಅರ್ಧ ಉತ್ತರ ಇಲ್ಲಿದೆ.

ಸಬ್‌ಮರೀನಿಗೆ ಇಷ್ಟು ದೊಡ್ಡ ಕಂಬ ಹೊತ್ತು ತಿರುಗಲು ಆಗುತ್ತದೆಯೇ? ಇಲ್ಲ. ಅದಕ್ಕೇ ಇದು ಒಮ್ಮುಖದ ಮಾತು. ದಂಡೆಯವರು ಹೇಳುತ್ತಾರೆ, ಒಳಗಿರುವವರು ಕೇಳುತ್ತಾರೆ. ಕೇಳಲು ಉದ್ದನೆಯ ತೇಲುವ ತಂತಿಯನ್ನು ಹಿಂದೆ ಬಿಟ್ಟುಕೊಂಡಿರುತ್ತಾರೆ, ಅದು ನೀರಿನ ಮೇಲ್ಮೈಗೆ ಹತ್ತಿರ ಇರುತ್ತದೆ, ಹಡಗು ಇನ್ನೂ ಕೆಳಗೆ. ಸಿಕ್ಕಿತು ಅಂತ ವಾಪಸ್ ಹೇಳಲು ಬರುವುದಿಲ್ಲ. ಮಾತು ಬರುವ ವೇಗವೂ ಕಡಿಮೆ, ಸೆಕೆಂಡಿಗೆ ಇನ್ನೂರು ಮುನ್ನೂರು ಬಿಟ್. ದನಿ ಕಳಿಸಲು ಬರುವುದಿಲ್ಲ, ಅಕ್ಷರ ಮಾತ್ರ. ನಿಮ್ಮ ಫೋನಿಗೆ ಬರುವ ಒಂದು ಗುಡ್ ಮಾರ್ನಿಂಗ್ ಫೋಟೋ ಈ ದಾರಿಯಲ್ಲಿ ಬರಬೇಕಾದರೆ ಗಂಟೆ ಹಿಡಿಯುತ್ತದೆ. ಹೆಚ್ಚು ಮಾತಾಡಬೇಕಿದ್ದರೆ ಹಡಗು ಮೇಲಕ್ಕೆ ಬಂದು ಕಂಬ ಚಾಚಿ ಉಪಗ್ರಹ ಹಿಡಿಯಬೇಕು. 2013ರ ಆಗಸ್ಟಿನಲ್ಲಿ ಹಾರಿದ ಜಿಸ್ಯಾಟ್-7, 2025ರ ನವೆಂಬರ್ 2ರಂದು ಹಾರಿದ ಸಿಎಂಎಸ್-03 ಉಪಗ್ರಹಗಳು ನೌಕಾಪಡೆಗಾಗಿ ಇರುವಂಥವು. ಆದರೆ ಮೇಲೆ ಬಂದರೆ ಕಾಣಿಸಿಕೊಳ್ಳುವ ಭಯ ಇದ್ದೇ ಇದೆ.

ಇದಕ್ಕಿಂತ ಆಳಕ್ಕೆ ಕೇಳಿಸುವ ದಾರಿಯೂ ಇದೆ. ಕಂಪನವನ್ನು ಕಿಲೋಹರ್ಟ್ಸ್‌ನಿಂದ ಹರ್ಟ್ಸ್‌ಗೆ ಇಳಿಸುವುದು. ಅಮೆರಿಕ 1989ರಿಂದ 2004ರವರೆಗೆ ವಿಸ್ಕಾನ್ಸಿನ್, ಮಿಷಿಗನ್ ಕಾಡುಗಳಲ್ಲಿ 76 ಹರ್ಟ್ಸ್ ಸ್ಟೇಷನ್ ನಡೆಸಿತು. ಅದಕ್ಕೆ ಇಂಥ ಎತ್ತರದ ಕಂಬವಿಲ್ಲ, ಮೈಲುಗಟ್ಟಲೆ ಉದ್ದದ ಲೈನ್ ಎಳೆದು ಎರಡೂ ತುದಿಯನ್ನು ನೆಲಕ್ಕೆ ಅರ್ತ್ ಮಾಡಿದ್ದರು. ಕೆಳಗಿನ ಹಳೆಯ ಗಟ್ಟಿ ಕಲ್ಲಿನಲ್ಲಿ ಕರೆಂಟ್ ಸುಲಭವಾಗಿ ಹರಿಯದೆ ಆಳಕ್ಕೆ ಸುತ್ತಿ ಬರುತ್ತಿತ್ತು. ಆ ನೆಲವೇ ಆಂಟೆನಾ. ಹಂಪಿಯ ಬಂಡೆಗಳಂಥ ಹಳೆಯ ಕಲ್ಲು ಅಲ್ಲಿ ಕೆಲಸಕ್ಕೆ ಬಂದಿತ್ತು ಅನ್ನಬಹುದು. ಆದರೆ ಮೂರು ಅಕ್ಷರ ಕಳಿಸಲು ನಿಮಿಷಗಳೇ ಬೇಕಾಗುತ್ತಿದ್ದವು. ಕೊನೆಗೆ ಮುಚ್ಚಿದರು. ರಷ್ಯಾದ್ದು ಕೋಲಾ ಪರ್ಯಾಯ ದ್ವೀಪದಲ್ಲಿ 82 ಹರ್ಟ್ಸ್‌ನದು.

ಒಂದಿದ್ದರೆ ಸಾಲದೇ?

1990ರಿಂದ ಒಂದು ಸ್ಟೇಷನ್ ಇದೆ, 2014ರಲ್ಲಿ ಅಲ್ಲೇ ಹೊಸ ಟ್ರಾನ್ಸ್‌ಮಿಟರ್ ಕೂಡ ಬಂತು. ಮತ್ತೆ ಎರಡನೆಯದು ಯಾಕೆ? ಕಾಕಾನ ಹೊಲದಲ್ಲಿ ಭೂವಿಜ್ಞಾನಿ ಸುಮ್ಮನೆ ನಿಂತಿದ್ದ ಆ ಹೊತ್ತನ್ನೇ ನೆನೆಸಿಕೊಳ್ಳಿ. ಇಷ್ಟು ದೊಡ್ಡ ಯಂತ್ರಕ್ಕೆ ಆಗಾಗ ರಿಪೇರಿ ಬೇಕು. ಕಂಬದ ತಂತಿಗೆ ಕೈ ಹಾಕಬೇಕಾದರೆ ಬಂದ್ ಮಾಡಲೇಬೇಕು. ಶಾಂತಿ ಕಾಲದಲ್ಲಿ ಪರವಾಗಿಲ್ಲ.

ಯುದ್ಧದ ಕಾಲದಲ್ಲಿ ಕಥೆ ಬೇರೆ. ಭಾರತದ ಅಣ್ವಸ್ತ್ರ ನೀತಿ ಮೊದಲು ಬಳಸುವುದಿಲ್ಲ ಅನ್ನುತ್ತದೆ. 2003ರಲ್ಲಿ ಅದನ್ನು ಅಧಿಕೃತವಾಗಿ ಹೇಳಿದರು. ಅಂದರೆ ಮೊದಲ ಏಟು ತಿಂದ ಮೇಲೂ ಉತ್ತರ ಕೊಡುವ ಶಕ್ತಿ ಉಳಿದಿರಬೇಕು. ಆ ಶಕ್ತಿಯನ್ನು ಸಮುದ್ರದಲ್ಲಿ ಅಡಗಿಸಿಡುವುದೇ ಅಣು ಸಬ್‌ಮರೀನುಗಳ ಕೆಲಸ. ಐಎನ್‌ಎಸ್ ಅರಿಹಂತ್ 2016ರಲ್ಲಿ ಸೇವೆಗೆ ಸೇರಿತು. 2018ರ ನವೆಂಬರಿನಲ್ಲಿ ಅದು ಮೊದಲ ಗಸ್ತು ಮುಗಿಸಿತು ಅಂತ ಸರ್ಕಾರ ಹೇಳಿತು. ಎರಡನೆಯದು ಅರಿಘಾತ್, 2024ರ ಆಗಸ್ಟ್ 29ರಂದು ವಿಶಾಖಪಟ್ಟಣದಲ್ಲಿ ಬಂತು. ಹಡಗು ಎಷ್ಟೇ ಚೆನ್ನಾಗಿ ಅಡಗಿದ್ದರೂ ಆಜ್ಞೆ ತಲುಪದಿದ್ದರೆ ಅದು ಕಬ್ಬಿಣದ ಕೊಳವೆ, ಅಷ್ಟೇ. ಆಜ್ಞೆ ಕಳಿಸುವ ಕಂಬ ಒಂದೇ ಇದ್ದು, ಅದು ಎಲ್ಲಿದೆ ಅಂತ ಎಲ್ಲರಿಗೂ ಗೊತ್ತಿದ್ದರೆ? 471 ಮೀಟರ್ ಕಂಬವನ್ನು ಯಾರಿಂದ ಅಡಗಿಸಲು ಆಗುತ್ತದೆ?

ಇದು ಎಲ್ಲ ದೇಶಗಳ ಚಿಂತೆ. ಅಮೆರಿಕ ಇದಕ್ಕಾಗಿ ವಿಮಾನಗಳನ್ನೇ ಇಟ್ಟುಕೊಂಡಿದೆ. ಅವು ಹಾರುತ್ತಾ ಹಾರುತ್ತಾ ಸುಮಾರು 8 ಕಿಲೋಮೀಟರ್ ಉದ್ದದ ತಂತಿಯನ್ನು ಕೆಳಗೆ ಬಿಟ್ಟು ಇದೇ ಕಂಪನದಲ್ಲಿ ಸುದ್ದಿ ಕಳಿಸುತ್ತವೆ. ಬ್ರಿಟನ್ನಿನಲ್ಲಿ ಪ್ರಧಾನಿಯಾದವರು ತಮ್ಮ ಕೈಯಾರೆ ಪತ್ರ ಬರೆದು ಸಬ್‌ಮರೀನಿನ ತಿಜೋರಿಯಲ್ಲಿ ಇಡಿಸುತ್ತಾರೆ. ದೇಶವೇ ಉಳಿಯದಿದ್ದರೆ ಏನು ಮಾಡಬೇಕು ಅಂತ ಅದರಲ್ಲಿ ಇರುತ್ತದೆ. ರೇಡಿಯೋ ನಿಂತುಹೋಗುವ ದಿನದ ಭಯಕ್ಕೆ ಮಾಡಿಕೊಂಡ ಏರ್ಪಾಡು ಅದು. ಎರಡನೇ ಮಹಾಯುದ್ಧದಲ್ಲಿ ಜರ್ಮನಿ 1943ರಲ್ಲಿ ಗೋಲಿಯಾತ್ ಅನ್ನುವ ದೈತ್ಯ ಟ್ರಾನ್ಸ್‌ಮಿಟರ್ ಕಟ್ಟಿತ್ತು. ಯುದ್ಧ ಸೋತ ಮೇಲೆ ಸೋವಿಯತ್ ಸೇನೆ ಅದನ್ನು ಬಿಚ್ಚಿ ರೈಲಿಗೆ ತುಂಬಿ ರಷ್ಯಾಕ್ಕೆ ಸಾಗಿಸಿ ಮತ್ತೆ ನಿಲ್ಲಿಸಿತು. ಅಷ್ಟು ಬೆಲೆ ಇಂಥ ಕಂಬಕ್ಕೆ.

ಹಾಗಾಗಿ ಎರಡನೇ ಸ್ಟೇಷನ್ ಬೇಕು ಅನ್ನುವ ವಾದ ನನಗೆ ಒಪ್ಪಿಗೆ. ನೀತಿ ಒಪ್ಪಿಕೊಂಡರೆ ಸ್ಟೇಷನ್ನನ್ನೂ ಒಪ್ಪಿಕೊಳ್ಳಬೇಕು. ಒಂದನ್ನು ಹೊಗಳಿ ಇನ್ನೊಂದನ್ನು ಬೈಯಲು ಬರುವುದಿಲ್ಲ.

ಅಲೆಯ ಭಯ, ಕಾಡಿನ ಲೆಕ್ಕ

ದಾಮಗುಂಡಂ ಸುತ್ತಲಿನ ಹಳ್ಳಿಗಳಲ್ಲಿ ಎದ್ದ ದೊಡ್ಡ ಭಯ ರೇಡಿಯೇಷನ್. ಮಕ್ಕಳಿಗೆ ಏನಾದರೂ ಆದೀತು, ದನಕರು ಸತ್ತಾವು ಅಂತ. ಈ ಪದವೇ ಗೊಂದಲದ ಗೂಡು. ಕೊಪ್ಪಳ ಜಿಲ್ಲೆಯಲ್ಲಿ ಅಣುವಿದ್ಯುತ್ ಸ್ಥಾವರದ ಮಾತು ಎದ್ದಾಗಲೂ ಇದೇ ಪದ ಬಾಯಿಂದ ಬಾಯಿಗೆ ಓಡಿತು. ಎರಡೂ ಒಂದಲ್ಲ. ಅಣುಸ್ಥಾವರದ ಇಂಧನದಿಂದ ಬರುವ ವಿಕಿರಣಕ್ಕೆ ಜೀವಕೋಶದ ಕೊಂಡಿಗಳನ್ನು ಮುರಿಯುವ ಶಕ್ತಿ ಇದೆ. 18 ಕಿಲೋಹರ್ಟ್ಸ್ ರೇಡಿಯೋ ಅಲೆಗೆ ಅದಿಲ್ಲ. ಧಾರವಾಡ ಸ್ಟೇಷನ್ನಿನ ಅಲೆಗಿಂತಲೂ ಅದರ ಕಂಪನ 40 ಪಟ್ಟು ಕಡಿಮೆ.

ಅಂದಮಾತ್ರಕ್ಕೆ ಕಂಬದ ಕೆಳಗೆ ಹೋಗಿ ಮಲಗಬಹುದು ಅಂತಲ್ಲ. ಆಂಟೆನಾದ ಹತ್ತಿರ ವಿದ್ಯುತ್ ಬಲ ಜೋರಾಗಿರುತ್ತದೆ. ಕಬ್ಬಿಣದ ಬೇಲಿ, ತಗಡಿನ ಚಪ್ಪರ ಮುಟ್ಟಿದರೆ ಶಾಕ್ ಹೊಡೆಯಬಹುದು. ಅದಕ್ಕೇ ಅದರ ಸುತ್ತ ಜನರನ್ನು ಬಿಡುವುದಿಲ್ಲ, ಒಳಗೆ ಕೆಲಸ ಮಾಡುವವರಿಗೂ ಮಿತಿ ಇದೆ. ಬೇಲಿ ದಾಟಿ ದೂರ ಹೋದಂತೆ ಬಲ ಬೇಗ ಇಳಿಯುತ್ತದೆ.

ನನಗೆ ಬೇಸರ ಆಗುವುದು ಇಲ್ಲೇ. ರೇಡಿಯೇಷನ್ ಬಗ್ಗೆ ಜಗಳವಾಡಿದರೆ ಸರ್ಕಾರಕ್ಕೆ ಉತ್ತರ ಕೊಡುವುದು ಬಹಳ ಸುಲಭ. ತಿರುನೆಲ್ವೇಲಿಯಲ್ಲಿ ಮೂವತ್ತು ವರ್ಷದಿಂದ ಇದೆ, ಯಾರಿಗೂ ಏನೂ ಆಗಿಲ್ಲ ಅಂದರೆ ಮಾತು ಮುಗಿಯಿತು. ಕಾಡಿನ ಪ್ರಶ್ನೆ ಪಕ್ಕಕ್ಕೆ ಹೋಗುತ್ತದೆ. ಆದರೆ ಕಷ್ಟದ ಪ್ರಶ್ನೆ ಅದೇ.

2,900 ಎಕರೆ ಅಂದರೆ ಹನ್ನೊಂದು ಮುಕ್ಕಾಲು ಚದರ ಕಿಲೋಮೀಟರಿನ ಹತ್ತಿರ. ಎಷ್ಟು ಮರ ಹೋಗುತ್ತದೆ ಅನ್ನುವುದರಲ್ಲಿ ಅಧಿಕಾರಿಗಳ ಲೆಕ್ಕಕ್ಕೂ ಪರಿಸರದವರ ಲೆಕ್ಕಕ್ಕೂ ತಾಳೆಯೇ ಇಲ್ಲ. ಒಬ್ಬರು ಒಂದು ಮರ ಎಣಿಸಿದರೆ ಇನ್ನೊಬ್ಬರು ಹಲವು ಎಣಿಸುತ್ತಾರೆ. ಎಲ್ಲ ಕಾಡನ್ನೂ ಕಡಿಯುವುದಿಲ್ಲ, ಬದಲಿಗೆ ಸಸಿ ನೆಡುತ್ತೇವೆ ಅನ್ನುವುದು ಸರ್ಕಾರದ ಮಾತು. ಒಳಗಿರುವ ಹಳೆಯ ರಾಮಲಿಂಗೇಶ್ವರ ಗುಡಿಗೆ ಜನ ಹೋಗಿಬರಲು ದಾರಿ ಬಿಡುತ್ತೇವೆ ಅಂತಲೂ ಹೇಳಿದ್ದಾರೆ. ಗುಡಿಗೆ ದಾರಿ ಬಿಡಬಹುದು. ಮಳೆನೀರು ಇಂಗುವ ದಾರಿಯನ್ನು ಯಾರು ಬಿಡುತ್ತಾರೆ? ಅಲ್ಲಿನ ಅನಂತಗಿರಿ ಗುಡ್ಡದ ಸಾಲು ಮೂಸಿ ನದಿಯ ತವರು. ಹೈದರಾಬಾದಿನ ಜನ ಕೂಗೆಬ್ಬಿಸಿದ್ದು ಅದಕ್ಕೇ. ಅದೇ ಗುಡ್ಡದ ಸಾಲಿನ ಇನ್ನೊಬ್ಬ ಮಗಳು ನಮ್ಮ ಕಾಗಿಣಾ. ತಾಂಡೂರಿನಿಂದ ಸೇಡಂ ಕಡೆ ಇಳಿದು, ರಾಷ್ಟ್ರಕೂಟರ ಮಳಖೇಡದ ಕೋಟೆ ಪಕ್ಕ ಹರಿದು, ಭೀಮಾ ಸೇರುತ್ತಾಳೆ. ಭೀಮಾ ಹೋಗಿ ಕೃಷ್ಣೆಗೆ ಸೇರುವುದು ರಾಯಚೂರಿನ ಗಡಿಯಲ್ಲಿ. ಹಾಗಾಗಿ ಇದು ತೆಲಂಗಾಣದವರ ಜಗಳ, ನಮಗ್ಯಾಕೆ ಅಂತ ಕೂರಲು ನನಗೆ ಮನಸ್ಸು ಬರುವುದಿಲ್ಲ.

ದೇಶಕ್ಕೆ ಬೇಕಾದದ್ದಕ್ಕೆ ಪ್ರತಿ ಸಲ ಕಾಡೇ ಯಾಕೆ ಸಿಗುತ್ತದೆ? ಬಳ್ಳಾರಿ ಜಿಲ್ಲೆಯವರು ಇದನ್ನು ಸಂಡೂರಿನಲ್ಲಿ ನೋಡಿದ್ದಾರೆ. ದೇವದಾರಿ ಗುಡ್ಡದ ಗಣಿಗೆ ಸುಮಾರು 400 ಹೆಕ್ಟೇರ್ ಕಾಡು, ಹತ್ತಿರ ಹತ್ತಿರ ಲಕ್ಷ ಮರ. 2024ರಲ್ಲಿ ಕೇಂದ್ರ ಬೇಕು ಅಂದಿತು, ರಾಜ್ಯ ತಡೆಯಿತು. ಅಲ್ಲಿ ಅದಿರು ಗುಡ್ಡದೊಳಗೇ ಇದೆ, ಬೇರೆ ಕಡೆ ಅಗೆಯಲು ಬರುವುದಿಲ್ಲ ಅನ್ನಬಹುದು. ರೇಡಿಯೋ ಕಂಬಕ್ಕೆ ಆ ಮಾತು ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಅದಕ್ಕೆ ಬೇಕಾದದ್ದು ವಿಶಾಲವಾದ ಜಾಗ, ಕರೆಂಟ್ ಚೆನ್ನಾಗಿ ಹರಿಯುವ ನೆಲ, ಸುತ್ತ ಜನ ಕಡಿಮೆ ಇರುವುದು. ನೆಲದಲ್ಲಿ ಕರೆಂಟ್ ಚೆನ್ನಾಗಿ ಹರಿದರೆ ಇಂಥ ಮೋಟು ಆಂಟೆನಾಗೆ ಲಾಭ. ಆ ಲೆಕ್ಕದಲ್ಲಿ ಎರೆಭೂಮಿ ಕೆಟ್ಟದ್ದಲ್ಲ, ಅದು ದಖ್ಖನ್ನಿನ ತುಂಬ ಇದೆ.

ಆದರೆ ಎರೆ ಹೊಲಕ್ಕೆ ಪಹಣಿ ಇದೆ. ಪಹಣಿ ಇದ್ದ ಮೇಲೆ ಅದರಲ್ಲಿ ಒಬ್ಬರ ಹೆಸರಿದೆ, ಪರಿಹಾರ ಕೊಡಬೇಕು, ಕೋರ್ಟಿಗೆ ಹೋಗುತ್ತಾರೆ, ಚುನಾವಣೆಯಲ್ಲಿ ಕೇಳುತ್ತಾರೆ. ಕಾಡಿಗೆ ಪಹಣಿ ಇಲ್ಲ. ಒಂದು ಇಲಾಖೆಯಿಂದ ಇನ್ನೊಂದು ಇಲಾಖೆಗೆ ಕಾಗದ ಹೋದರೆ ಕೆಲಸ ಆಗುತ್ತದೆ. 2024ರ ಜನವರಿಯಲ್ಲಿ ತೆಲಂಗಾಣ ಸರ್ಕಾರ ಜಾಗ ಬಿಟ್ಟುಕೊಟ್ಟಿದ್ದು ಹಾಗೆಯೇ. ಆಳುವ ಪಕ್ಷ, ವಿರೋಧ ಪಕ್ಷ ಯಾರು ಅನ್ನುವುದರ ಮೇಲೆ ಮಾತು ಬದಲಾಯಿತೇ ಹೊರತು ಕಾಗದ ಮುಂದಕ್ಕೆ ಹೋಗುವುದು ನಿಲ್ಲಲಿಲ್ಲ. ರಕ್ಷಣೆಯ ವಿಷಯ ಅಂದ ತಕ್ಷಣ ಪ್ರಶ್ನೆ ಕೇಳಿದವರೇ ದೇಶದ ವಿರುದ್ಧ ಅನ್ನುವ ಗಾಳಿ ಬೀಸುತ್ತದೆ. ಕಂಪನ ಎಷ್ಟು, ಸಂಕೇತ ಏನು ಅನ್ನುವುದು ಗುಟ್ಟಾಗಿರಲಿ. ಯಾವ ಯಾವ ಜಾಗ ನೋಡಿದರು, ಮರವಿಲ್ಲದ ಜಾಗ ಯಾಕೆ ಬೇಡವಾಯಿತು ಅನ್ನುವುದರಲ್ಲಿ ಗುಟ್ಟು ಏನಿದೆ? ಕಟ್ಟಿ ಮುಗಿದ ಮೇಲೆ ಆ ಕಂಬಗಳು ರೈಲಿನ ಕಿಟಕಿಯಿಂದ ಕಂಡರೂ ಆಶ್ಚರ್ಯವಿಲ್ಲ.

ಕಾಕಾನ ಮೂರನೇ ಬೋರಿಗೆ ಒಂದೂವರೆ ಇಂಚು ನೀರು ಬಿತ್ತು. ಸಬ್‌ಮರೀನಿನ ಪುಣ್ಯ ಅಂತ ಮನೆಯಲ್ಲಿ ಈಗಲೂ ನಗುತ್ತಾರೆ. ಭೂವಿಜ್ಞಾನಿ ಹೋಗುವಾಗ ಇನ್ನೊಂದು ಮಾತು ಹೇಳಿದ್ದರು. ಈ ಪೆಟ್ಟಿಗೆಗೆ ಎಲ್ಲ ಬಿರುಕೂ ಒಂದೇ ತರ ಕಾಣುವುದಿಲ್ಲ. ಸ್ಟೇಷನ್ ಇರುವ ದಿಕ್ಕಿಗೆ ಮುಖ ಮಾಡಿ ಓಡುವ ಬಿರುಕು ಚೆನ್ನಾಗಿ ಕಾಣುತ್ತದೆ, ಅಡ್ಡಕ್ಕೆ ಓಡುವುದು ತಪ್ಪಿಹೋಗುತ್ತದೆ. ವಿಜಯನಾರಾಯಣಂ ನಮಗೆ ದಕ್ಷಿಣಕ್ಕೆ, ಆಸ್ಟ್ರೇಲಿಯಾದ್ದು ಆಗ್ನೇಯಕ್ಕೆ. ಈಶಾನ್ಯದ ಕಡೆ ಓಡುವ ಬಿರುಕುಗಳಿಗೆ ಹತ್ತಿರದಲ್ಲಿ ಸ್ಟೇಷನ್ ಇಲ್ಲ. ಕಾಕಾನ ಹೊಲದ ಮೂಲೆಯಲ್ಲಿ ಅಂಥದೊಂದು ಇರಬಹುದು ಅಂತ ಅವರ ಅನುಮಾನ. ಕುಷ್ಟಗಿಯಿಂದ ವಿಕಾರಾಬಾದ್ ಸರಿಯಾಗಿ ಈಶಾನ್ಯಕ್ಕೇ ಬರುತ್ತದೆ.

"ಅಲ್ಲೀದು ಚಾಲೂ ಆದಮ್ಯಾಲೆ ಇನ್ನೊಮ್ಮೆ ಬಂದು ನೋಡೂಣ್ರೀ ಯಜಮಾನ್ರ" ಅಂದಿದ್ದರಂತೆ.

ಮೊನ್ನೆ ಫೋನಿನಲ್ಲಿ ಕಾಕಾನಿಗೆ ದಾಮಗುಂಡಂ ಕಥೆಯೆಲ್ಲ ಹೇಳಿದೆ. ಕಾಡು, ಮರ, ಮೂಸಿ, ಕಾಗಿಣಾ. ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ.

"ಅಂದ್ರ ಅಲ್ಲಿ ನೀರು ಇಂಗೋ ಕಾಡು ಕಡದು, ಇಲ್ಲಿ ನನಗ ನೀರು ಎಲ್ಲೈತಿ ಅಂತ ತೋರಸ್ತಾರೇನಪಾ?"

ಅಷ್ಟರಲ್ಲಿ ಅವರ ಕಡೆ ತ್ರೀ ಫೇಸ್ ಕರೆಂಟ್ ಬಂತು. ಮೋಟರ್ ಚಾಲೂ ಮಾಡಬೇಕು ಅಂತ ಫೋನ್ ಇಟ್ಟರು.